ಹೊಂಡಕ್ಕೆ ನುಗ್ಗಿದ ಕೊರಮೀನು: ಗುರುತು ಹಿಡಿಯೋದು ಹೇಗೆ, ಅದು ಇರೋದು ಎಲ್ಲಿ?

ಆ ದಿನ ಬಲೆ ಎಳೆದಾಗ ನನ್ನ ಲೆಕ್ಕವೆಲ್ಲ ತಲೆಕೆಳಗಾಯ್ತು. ಹತ್ತು ಗುಂಟೆ ಹೊಂಡಕ್ಕೆ ಆಗಸ್ಟ್‌ನಲ್ಲಿ 600 ಮರಿ ಬಿಟ್ಟಿದ್ದೆ. ಕಾಟ್ಲಾ, ರೋಹು, ಸ್ವಲ್ಪ ಸಾಮಾನ್ಯ ಗೆಂಡೆ. ತೌಡು, ಶೇಂಗಾ ಹಿಂಡಿ ತಪ್ಪದೆ ಹಾಕಿದ್ದೆ. ಮಾರ್ಚ್‌ನಲ್ಲಿ ಬಲೆಗೆ ಬಂದದ್ದು 71 ಮೀನು. ಅವುಗಳ ಜೊತೆ, ನಾನು ಬಿಟ್ಟೇ ಇರದ ಒಂಬತ್ತು ಕಪ್ಪು ಮೀನು. ಹಾವಿನ ತಲೆ, ಉರುಟು ಮೈ. ದಡಕ್ಕೆ ಹಾಕಿದ ಮೇಲೂ ಸಾಯದೆ ಹುಲ್ಲಿನಲ್ಲಿ ಹೊರಳಾಡ್ತಾ ಹೊಂಡದ ಕಡೆಗೇ ತಿರುಗುತ್ತಿದ್ದವು.

ಬಲೆ ಎಳೆಯೋಕೆ ಬಂದಿದ್ದ ತಾತ ನಕ್ಕುಬಿಟ್ರು. "ಏನ್ ತಮ್ಮಾ, ಮರಿ ಸಾಕಾಕ ಬಿಟ್ಟಿದ್ದೇನು, ಇವಕ್ಕ ಊಟಕ್ಕ ಬಿಟ್ಟಿದ್ದೇನು?"

ಅದೇ ಕೊರಮೀನು. ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಭತ್ತದ ಸೀಮೆಯಲ್ಲಿ ಈ ಹೆಸರು. ಬೇರೆ ಕಡೆ ಕೊರವ ಮೀನು, ಕುಚ್ಚು ಮೀನು, ಮುರ್ಲು ಅಂತ ಊರಿಗೊಂದು ಹೆಸರಿದೆ. ತೆಲುಗರು ಕೊರ್ರಮೀನು ಅಂತಾರೆ, ತೆಲಂಗಾಣಕ್ಕೆ ಅದು ರಾಜ್ಯ ಮೀನು. ಇಂಗ್ಲಿಷಲ್ಲಿ ಮುರ್ರೆಲ್ ಅಥವಾ ಸ್ನೇಕ್‌ಹೆಡ್. ಮೊಬೈಲಲ್ಲಿ ಹುಡುಕೋದಾದ್ರೆ ವೈಜ್ಞಾನಿಕ ಹೆಸರು ಚನ್ನಾ ಸ್ಟ್ರಿಯೇಟಾ ಅಂತ ಹಾಕಿ, ಸರಿಯಾದ ಚಿತ್ರ ಸಿಗುತ್ತೆ.

ಮೀನು ಕೃಷಿ ಅಂದ್ರೆ ಮರಿ ಬಿಡೋದು, ಮೇವು ಹಾಕೋದು ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ಎರಡು ವರ್ಷ ಈ ಮೀನನ್ನ ತಾತನ ಜೊತೆ ಕೂತು ನೋಡಿ ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ. ಹೊಂಡ ಮಾಡಿಸಿರುವವರು, ಮಾಡಿಸಬೇಕು ಅಂದುಕೊಂಡಿರುವವರು ಮರಿ ತರೋಕೆ ಮೊದಲೇ ಓದಿ.

ನೋಡಲು ಹೇಗಿರುತ್ತೆ?

ಮೊದಲು ತಲೆ ನೋಡಿ. ಮೇಲಿನಿಂದ ನೋಡಿದ್ರೆ ಚಪ್ಪಟೆ, ಥೇಟ್ ಹಾವಿನ ತಲೆ. ತಲೆಯ ಮೇಲೂ ದೊಡ್ಡ ದೊಡ್ಡ ಹುರುಪೆ ಇರುತ್ತೆ. ಕಾಟ್ಲಾ, ರೋಹು ತಲೆ ಮೇಲೆ ಹುರುಪೆ ಇರಲ್ಲ, ಹೋಲಿಸಿ ನೋಡಿ. ಬಾಯಿ ಬಹಳ ಅಗಲ, ಸೀಳು ಕಣ್ಣಿನ ಹಿಂದಿನವರೆಗೂ ಹೋಗುತ್ತೆ. ಒಳಗೆ ಚೂಪು ಹಲ್ಲು. ಕೆಳದವಡೆಯಲ್ಲಿ ಸಣ್ಣ ಹಲ್ಲಿನ ಜೊತೆ ಕೋರೆಹಲ್ಲೂ ಇದೆ. ಗಾಳದಿಂದ ಬಿಡಿಸುವಾಗ ಬಾಯಿಗೆ ಬೆರಳು ಹಾಕಬೇಡಿ. ನನ್ನ ಹೆಬ್ಬೆರಳಿನ ಮೇಲೆ ಅದರ ಗುರುತು ಇನ್ನೂ ಇದೆ.

ಮೈ ಉದ್ದ, ದುಂಡಗೆ, ಒನಕೆ ಹಾಗೆ. ಬೆನ್ನು ಕಪ್ಪು ಅಥವಾ ಕಡುಕಂದು, ಹೊಟ್ಟೆ ಬಿಳಿ ಇಲ್ಲವೇ ಮಾಸಲು ಹಳದಿ. ಪಕ್ಕದಲ್ಲಿ ಕಪ್ಪು ಪಟ್ಟೆಗಳು ಓರೆಯಾಗಿ ಹೊಟ್ಟೆಯ ಕಡೆಗೆ ಇಳಿದಿರುತ್ತವೆ. ಬಣ್ಣ ನೀರಿನ ಮೇಲೆ ಹೋಗುತ್ತೆ: ಕೆಸರು ನೀರಲ್ಲಿ ಮಸುಕು, ಪಾಚಿ ತುಂಬಿದ ತಿಳಿ ನೀರಲ್ಲಿ ಕಡುಕಪ್ಪು. ಹಾಗಾಗಿ ಬಣ್ಣವೊಂದನ್ನೇ ನಂಬಬೇಡಿ.

ರೆಕ್ಕೆ ನೋಡಿದ್ರೆ ಸಂಶಯವೇ ಉಳಿಯಲ್ಲ. ಬೆನ್ನಿನ ರೆಕ್ಕೆ ತಲೆಯ ಹಿಂದೆ ಶುರುವಾಗಿ ಬಾಲದ ಹತ್ತಿರದವರೆಗೂ ಒಂದೇ ಸಮ ಹೋಗುತ್ತೆ. ಹೊಟ್ಟೆ ಕೆಳಗಿನ ರೆಕ್ಕೆಯೂ ಉದ್ದ. ಯಾವುದರಲ್ಲೂ ಮುಳ್ಳಿಲ್ಲ. ಬಾಲ ಕಾಟ್ಲಾದ ಹಾಗೆ ಕವಲಾಗಿರಲ್ಲ, ಬೀಸಣಿಗೆ ಹಾಗೆ ದುಂಡಗಿರುತ್ತೆ. ಮೀಸೆ ಇಲ್ಲ. ಕಪ್ಪು ಮೀನಿಗೆ ಮೀಸೆ ಇದ್ದು ಮೈಮೇಲೆ ಹುರುಪೆ ಇಲ್ಲದಿದ್ರೆ ಅದು ಕ್ಯಾಟ್‌ಫಿಶ್ ಜಾತಿ, ಕೊರಮೀನಲ್ಲ.

ಇದು ಒಂದು ಮೀಟರ್‌ವರೆಗೂ ಬೆಳೆಯಬಲ್ಲದು. ಆದರೆ ನಮ್ಮ ಹೊಂಡ, ಕೆರೆಗಳಲ್ಲಿ ಅಷ್ಟು ದೊಡ್ಡದು ಸಿಗೋದು ಅಪರೂಪ. ನನಗೆ ಆ ದಿನ ಸಿಕ್ಕ ದೊಡ್ಡದು ಒಂದೂಕಾಲು ಕೆಜಿ ಇತ್ತು.

ದಾಯಾದಿಗಳೂ ಇವೆ

ಕೊರಮೀನಿನ ಕುಟುಂಬ ದೊಡ್ಡದು. ನಮ್ಮ ರಾಜ್ಯದ ನೀರಲ್ಲಿ ಇನ್ನೂ ಮೂರನ್ನ ನೀವು ನೋಡಬಹುದು.

ಹೂವಿನ ಮುರ್ಲು: ಇವುಗಳಲ್ಲೆಲ್ಲ ದೊಡ್ಡದು, ಒಂದು ಮೀಟರ್ ದಾಟುತ್ತೆ. ಬಾಲದ ಬುಡದಲ್ಲಿ ಕಣ್ಣಿನಂಥ ಕಪ್ಪು ಚುಕ್ಕೆ, ಸುತ್ತ ಕಿತ್ತಳೆ ಬಣ್ಣದ ಬಳೆ. ಮೈಮೇಲೆ ಅಲ್ಲಲ್ಲಿ ಬಿಳಿ ಚುಕ್ಕಿ. ಇದು ಹೊಳೆ ಮಡುವು, ಜಲಾಶಯ, ದೊಡ್ಡ ಕೆರೆಗಳ ಆಳದ ಮೀನು. ಹೊಂಡಕ್ಕೆ ಬರೋದು ಕಡಿಮೆ.

ಚುಕ್ಕೆ ಕೊರವ: ಸಾಮಾನ್ಯವಾಗಿ ಗೇಣುದ್ದ, ಹೆಚ್ಚೆಂದರೆ ಒಂದು ಅಡಿ. ಮೈತುಂಬ ಕಪ್ಪು ಚುಕ್ಕೆ, ಮಚ್ಚೆ. ಗದ್ದೆ, ಗುಂಡಿ, ಹಳ್ಳಗಳಲ್ಲಿ ಧಾರಾಳ.

ಇನ್ನೊಂದು ಕುಳ್ಳ ಜಾತಿ: ಗೇಣುದ್ದಕ್ಕಿಂತ ಹೆಚ್ಚು ಬೆಳೆಯೋದು ಕಡಿಮೆ. ರೆಕ್ಕೆಯ ಅಂಚಿಗೆ ಕಿತ್ತಳೆ ಗೆರೆ. ಮಲೆನಾಡಿನ ತೊರೆ, ಝರಿಗಳಲ್ಲಿ ಕಲ್ಲಿನ ಸಂದಿಯಲ್ಲಿ ಇರುತ್ತೆ.

ನಿಮಗೆ ಸಿಕ್ಕಿದ್ದು ಯಾವುದು ಅಂತ ಗೊತ್ತಾಗದಿದ್ರೆ ಮೊಬೈಲಲ್ಲಿ ಮೂರು ಫೋಟೋ ತೆಗೆಯಿರಿ: ತಲೆಯ ಮೇಲ್ಭಾಗ, ಪೂರ್ತಿ ಮೈ ಪಕ್ಕದಿಂದ, ಬಾಲದ ಬುಡ. ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ಪೆನ್ ಇಡಿ. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯವರಿಗೆ ಅಷ್ಟು ತೋರಿಸಿದ್ರೆ ಸಾಕು.

ಗಾಳಿ ಕುಡಿಯುವ ಮೀನು

ಕಾಟ್ಲಾ, ರೋಹು ಉಸಿರಾಡೋದು ಕಿವಿರಿನಿಂದ, ನೀರಲ್ಲಿ ಕರಗಿರುವ ಆಮ್ಲಜನಕದಿಂದ. ಮೋಡ ಮುಚ್ಚಿದ ದಿನ ಬೆಳಗಿನ ಜಾವ ಅವು ಮೇಲೆ ಬಂದು ಬಾಯಿ ಬಿಡ್ತಿದ್ರೆ ನಮಗೆ ಎದೆ ಢವಢವ. ಕೊರಮೀನಿಗೆ ಆ ಚಿಂತೆ ಇಲ್ಲ. ಕಿವಿರಿನ ಮೇಲೆ, ತಲೆಯ ಒಳಗೆ ಅದಕ್ಕೊಂದು ಗಾಳಿ ಕೋಣೆ ಇದೆ. ಆಗಾಗ ಮೇಲೆ ಬಂದು ಗುಳಕ್ ಅಂತ ಒಂದು ಬಾಯಿ ಗಾಳಿ ತಗೊಂಡು ಕೆಳಗೆ ಹೋಗುತ್ತೆ.

ವಿಚಿತ್ರ ಏನಂದ್ರೆ, ಬೆಳೆದ ಕೊರಮೀನಿಗೆ ಮೇಲೆ ಬಂದು ಗಾಳಿ ತಗೊಳ್ಳೋಕೆ ಬಿಡದಿದ್ರೆ ಅದು ನೀರಿನೊಳಗೇ ಉಸಿರುಕಟ್ಟಿ ಸಾಯುತ್ತೆ. ಬಲೆಯಲ್ಲಿ ಕೆಳಗೇ ಸಿಕ್ಕಿಹಾಕಿಕೊಂಡ ಕೊರಮೀನು ಬೇಗ ಸಾಯೋದು, ದಡದಲ್ಲಿ ಒದ್ದೆ ಗೋಣಿ ಕೆಳಗಿಟ್ಟದ್ದು ತಾಸುಗಟ್ಟಲೆ ಬದುಕೋದು ಇದೇ ಕಾರಣಕ್ಕೆ. ಸಂತೆಯಲ್ಲಿ ಬೋಗುಣಿಯಲ್ಲಿ ಎರಡು ಬೊಗಸೆ ನೀರು ಹಾಕಿ ಜೀವಂತ ಮಾರ್ತಾರಲ್ಲ, ಅದೂ ಇದೇ ಗುಣದಿಂದ.

ಇದು ನಮಗೆ ಒಂದು ಗುರುತೂ ಹೌದು. ಸಂಜೆ ಗಾಳಿ ಇಲ್ಲದ ಹೊತ್ತಲ್ಲಿ ಹೊಂಡದ ದಡದಲ್ಲಿ ಅರ್ಧ ತಾಸು ಸುಮ್ಮನೆ ಕೂತ್ಕೊಳ್ಳಿ. ಜೊಂಡಿನ ಪಕ್ಕ ಒಂದೇ ಜಾಗದಲ್ಲಿ ಆಗಾಗ ಗುಳಕ್ ಅಂದು ನೀರು ಒಡೆದು, ಬಳೆ ಆಕಾರದ ಅಲೆ ಎದ್ರೆ ಒಳಗೆ ಯಾರೋ ಇದ್ದಾರೆ ಅಂತಲೇ ಅರ್ಥ. ನಾನು ಏಳು ತಿಂಗಳು ಆ ಸದ್ದು ಕೇಳಿ ಕಾಟ್ಲಾ ಆಡ್ತಿದೆ ಅಂತ ಖುಷಿಪಟ್ಟಿದ್ದೆ!

ಅದರ ಮನೆ ಎಲ್ಲಿ?

ಕೊರಮೀನಿಗೆ ಹರಿಯುವ ತಿಳಿನೀರು ಬೇಡ. ನಿಂತ ನೀರು, ಕೆಸರು ತಳ, ಜೊಂಡು, ಅಂತರಗಂಗೆ, ತಾವರೆ ಎಲೆಯ ನೆರಳು ಬೇಕು. ಆಳವೂ ಹೆಚ್ಚು ಬೇಡ, ಒಂದೆರಡು ಮೀಟರ್ ಸಾಕು. ಕೆರೆಯಂಗಳ, ಭತ್ತದ ಗದ್ದೆ, ಬಸಿಗಾಲುವೆ, ಇಟ್ಟಿಗೆ ಭಟ್ಟಿಯವರು ಮಣ್ಣು ತೆಗೆದ ಗುಂಡಿ, ಹೊಳೆ ಪಕ್ಕದ ಜೌಗು, ಎಲ್ಲವೂ ಅದರ ಮನೆ. ಭಾರತದಿಂದ ಆಗ್ನೇಯ ಏಷ್ಯಾದವರೆಗೂ ಭತ್ತ ಬೆಳೆಯುವ ನಾಡಲ್ಲೆಲ್ಲ ಇದು ಸಿಗೋದು ಸುಮ್ಮನೆ ಅಲ್ಲ. ಗದ್ದೆಯ ನೀರು ಅಂದ್ರೆ ಅದಕ್ಕೆ ತವರುಮನೆ.

ಬೇಟೆ ಆಡೋದು ಓಡಿಸಿಕೊಂಡು ಹೋಗಿ ಅಲ್ಲ. ಜೊಂಡಿನ ಬುಡದಲ್ಲಿ ಕೊರಡಿನ ಹಾಗೆ ಅಲ್ಲಾಡದೆ ನಿಂತಿರುತ್ತೆ. ಹತ್ತಿರ ಬಂದದ್ದನ್ನ ಒಂದೇ ನೆಗೆತಕ್ಕೆ ನುಂಗುತ್ತೆ. ಸಣ್ಣ ಮೀನು, ಕಪ್ಪೆ, ಗೊದಮೊಟ್ಟೆ, ಸಿಗಡಿ, ನೀರಿನ ಹುಳು, ಎರೆಹುಳು, ಬಾಯಿಗೆ ಹಿಡಿಸಿದ್ದೆಲ್ಲ ಊಟ. ತನ್ನದೇ ಜಾತಿಯ ಸಣ್ಣದನ್ನೂ ಬಿಡಲ್ಲ. ಎರಡು ಇಂಚಿನ ನನ್ನ ಕಾಟ್ಲಾ ಮರಿಗಳು ಅದಕ್ಕೆ ಮಂಡಕ್ಕಿ ಇದ್ದ ಹಾಗೆ.

ಬೇಸಿಗೆಯಲ್ಲಿ ನೀರು ಬತ್ತಿದಾಗ ಏನು ಮಾಡುತ್ತೆ? ಕೆಸರಿನೊಳಗೆ ಇಳಿದು ಹುದುಗಿಕೊಳ್ಳುತ್ತೆ. ಮೈ ಒದ್ದೆ ಇದ್ದು ಗಾಳಿ ಸಿಕ್ಕಿದ್ರೆ ಸಾಕು, ಮೈಯ ಕೊಬ್ಬು ಕರಗಿಸಿಕೊಂಡು ಮಳೆಗಾಗಿ ಕಾಯುತ್ತೆ. ಮಳೆ ಬಿದ್ದು ಗದ್ದೆ, ಬದು ಒಂದಾದಾಗ ಹೊರಗೆ ಬರುತ್ತೆ. ಒದ್ದೆ ಹುಲ್ಲಿನ ಮೇಲೆ ಮೈ ಹೊರಳಿಸಿಕೊಂಡು ಒಂದು ಗುಂಡಿಯಿಂದ ಇನ್ನೊಂದಕ್ಕೆ ದಾಟುತ್ತೆ. ಮಳೆ ಜೊತೆ ಮೀನು ಆಕಾಶದಿಂದ ಬಿತ್ತು ಅಂತ ನಮ್ಮಜ್ಜಿ ಹೇಳ್ತಿದ್ದ ಕತೆಯ ಹಿಂದೆ ಇಂಥ ಮೀನೇ ಇರಬೇಕು.

ತಾತ ನನ್ನ ಹೊಂಡ ಒಂದು ಸುತ್ತು ಹಾಕಿ ಕೇಳಿದ್ರು: "ಮರಿ ಬಿಡಾಕ ಮೊದಲ ಹೊಂಡ ಒಣಗಿಸಿದ್ದೇನು?"

"ನೀರು ಪೂರ್ತಿ ಖಾಲಿ ಮಾಡಿದ್ದೆ ತಾತ. ಕೆಸರು ಮಾತ್ರ ಹಾಗೇ ಇತ್ತು."

"ಹಂಗಾದ್ರ ಅವು ಎಲ್ಲಿಂದಾನೂ ಬಂದಿಲ್ಲ ಬಿಡು. ಅಲ್ಲೇ ಇದ್ದವು. ನೀನ ಅವುಗಳ ಮನ್ಯಾಗ ಮರಿ ಬಿಟ್ಟಿ."

ಒಳಬರುವ ಪೈಪಿಗೆ ನಾನು ಕಟ್ಟಿದ್ದು ಹರಿದ ಗೊಬ್ಬರ ಚೀಲ. ಹೆಚ್ಚಿನ ನೀರು ಹೋಗುವ ಕೋಡಿಗೆ ಅದೂ ಇಲ್ಲ, ಅದು ನೇರ ಪಕ್ಕದ ಗದ್ದೆಯ ಬಸಿಗಾಲುವೆಗೆ ಸೇರುತ್ತಿತ್ತು. ಮೂರು ಬಾಗಿಲು ತೆರೆದಿಟ್ಟು ಕಳ್ಳ ಬಂದ ಅಂತ ಅಳ್ತಿದ್ದೆ.

ಕೆಂಪು ಮರಿಗಳ ಗುಂಪು, ಮತ್ತೆ ನಾನು ಮಾಡಿದ ತಪ್ಪು

ಇದನ್ನ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆದೇ ಬಿಡ್ತೀನಿ.

ಮರುವರ್ಷ ಕಾಲುವೆಗೆ ನೀರು ಬಿಟ್ಟು ನಾಟಿ ಮುಗಿದಿತ್ತು. ಗದ್ದೆಯ ಬಸಿಗಾಲುವೆಯಲ್ಲಿ ಜೊಂಡಿನ ನಡುವೆ ನೀರಿನ ಮೇಲೆ ಪರಾತದಷ್ಟು ಅಗಲ ಕೆಂಪಗೆ ಕಾಣಿಸ್ತು. ಹತ್ತಿರ ಹೋದ್ರೆ ಕೆಂಪು-ಕಿತ್ತಳೆ ಬಣ್ಣದ ಸಣ್ಣ ಮರಿಗಳು, ನೂರಾರು, ಒಟ್ಟಿಗೆ ಮೇಲೆ ಬಂದು ಗಾಳಿ ತಗೊಂಡು ಒಟ್ಟಿಗೆ ಕೆಳಗೆ ಹೋಗ್ತಿದ್ವು. ಕೆಳಗೆ ಕಪ್ಪಗೆ ದೊಡ್ಡದೊಂದು ಸುತ್ತುತ್ತಿತ್ತು.

ಕೊರಮೀನು ಮಳೆಗಾಲದಲ್ಲಿ ಜೋಡಿಯಾಗುತ್ತೆ. ಆಳ ಕಡಿಮೆ ಇರುವ ಕಡೆ ಜೊಂಡು ಸರಿಸಿ ಸ್ವಲ್ಪ ಜಾಗ ಮಾಡಿಕೊಂಡು ಮೊಟ್ಟೆ ಇಡುತ್ತೆ. ಹಳದಿ ಮೊಟ್ಟೆಗಳು ನೀರಿನ ಮೇಲೆ ತೇಲ್ತವೆ, ಒಂದೂವರೆ ದಿನದೊಳಗೆ ಮರಿಯಾಗುತ್ತೆ. ಕಾಟ್ಲಾ, ರೋಹು ಮೊಟ್ಟೆ ಬಿಟ್ಟು ಹೋದ್ರೆ ತಿರುಗಿ ನೋಡಲ್ಲ. ಕೊರಮೀನು ಹಾಗಲ್ಲ. ತಂದೆ-ತಾಯಿ ಕಾವಲು ಕಾಯ್ತವೆ. ಮರಿಗಳು ಎರಡು ಇಂಚಿನ ಹತ್ತಿರ ಬಂದು, ಕೆಂಪು ಹೋಗಿ ಕಂದು ಬಣ್ಣ ಬರುವವರೆಗೂ ಗುಂಪಿನ ಕೆಳಗೇ ತಿರುಗ್ತಿರ್ತವೆ. ಹತ್ತಿರ ಬಂದ ಕಪ್ಪೆ, ಮೀನು, ಕೊನೆಗೆ ಕೋಲನ್ನೂ ಹಾರಿ ಕಚ್ಚುತ್ತವೆ.

ಆ ಗುಣವೇ ಅದಕ್ಕೆ ಮುಳುವು. ಆಗ ಗಾಳ ಹಾಕಿದ್ರೆ ತಪ್ಪೋದೇ ಇಲ್ಲ. ಹೊಟ್ಟೆ ಹಸಿದು ಅಲ್ಲ, ಮರಿ ಕಾಯೋಕೆ ಅಂತ ಬಂದು ಕಚ್ಚುತ್ತೆ.

ನನಗೆ ಹಿಂದಿನ ವರ್ಷದ ಸಿಟ್ಟು ಇತ್ತು. ಗಾಳಕ್ಕೆ ಕಪ್ಪೆ ಸಿಕ್ಕಿಸಿ ಆ ಕೆಂಪಿನ ಮೇಲೇ ಬಿಟ್ಟೆ. ಮೊದಲ ಸಲಕ್ಕೇ ಒಂದು ಸಿಕ್ತು. ಮರುದಿನ ಬೆಳಿಗ್ಗೆ ಇನ್ನೊಂದು. ಸ್ಟೇಟಸ್‌ಗೂ ಹಾಕ್ಕೊಂಡೆ. ಮೂರನೇ ದಿನ ಹೋಗಿ ನೋಡಿದ್ರೆ ಕೆಂಪು ಗುಂಪು ಚದುರಿಹೋಗಿತ್ತು. ಜಿಲೇಬಿ ಮೀನುಗಳು ಒಂದು ಕಡೆಯಿಂದ, ಮಿಂಚುಳ್ಳಿ ಮೇಲಿನಿಂದ. ಸಂಜೆ ಹೊತ್ತಿಗೆ ಬೆರಳೆಣಿಕೆಯಷ್ಟು ಮರಿ ಉಳಿದಿದ್ವು.

ತಾತನಿಗೆ ಹೇಳಿದೆ. ಅವರು ನಗಲಿಲ್ಲ. "ಹೊಂಡದಾಗ ಅದು ಕಳ್ಳ ಆಗಿರಬಹುದು ತಮ್ಮಾ. ಇಲ್ಲಿ ನೀನ ಕಳ್ಳ. ನಾವು ಸಣ್ಣವರಿದ್ದಾಗ ಕೆಂಪು ಮರಿ ಕಂಡ್ರ ಆ ಕಡೆ ಗಾಳನ ಹಾಕ್ತಿದ್ದಿಲ್ಲ."

ಎರಡು ಮೀನು ತಿಂದೆ, ನೂರಾರು ಮೀನು ಕಳೆದೆ. ಅವು ಬೆಳೆದು ಊರವರ ಗಾಳಕ್ಕೆ, ತಾತನ ಬಲೆಗೆ ಬರಬೇಕಾಗಿದ್ದವು. ನಮ್ಮ ಸಂತೆಯಲ್ಲಿ ಜೀವಂತ ಕೊರಮೀನಿಗೆ ಕಾಟ್ಲಾದ ಎರಡು ಪಟ್ಟಿಗಿಂತ ಹೆಚ್ಚು ರೇಟು. ಮುಳ್ಳು ಕಡಿಮೆ, ಮಾಂಸ ಗಟ್ಟಿ, ಬಾಣಂತಿಯರಿಗೆ, ಆಪರೇಷನ್ ಆದವರಿಗೆ ಅಂತ ಹುಡುಕಿಕೊಂಡು ಬರ್ತಾರೆ.

ಈಗ ನಾನು ಮಾಡೋದು

ಹೊಂಡಕ್ಕೆ ಬರದ ಹಾಗೆ ತಡೆಯೋದು ನನ್ನ ಕೆಲಸ. ಗದ್ದೆ, ಬಸಿಗಾಲುವೆಯಲ್ಲಿ ಅದರ ಪಾಡಿಗೆ ಅದನ್ನ ಬಿಡೋದೂ ನನ್ನ ಕೆಲಸ. ಮಣ್ಣಿನ ಹೊಂಡ ಇರುವವರು ಇದನ್ನ ಕ್ರಮವಾಗಿ ಮಾಡಿ:

1. ಬೇಸಿಗೆಯಲ್ಲಿ ನೀರು ತೆಗೆದ ಮೇಲೆ ಕೆಸರು ಬಿರುಕು ಬಿಡುವವರೆಗೂ ಒಣಗಿಸಿ. ಮೇಲೆ ಒಣಗಿ ಒಳಗೆ ಹಸಿ ಇದ್ರೆ ಕೊರಮೀನು ಬದುಕಿರುತ್ತೆ. ಸಾಧ್ಯವಾದ್ರೆ ಒಂದು ಸಾಲು ಉಳುಮೆ ಮಾಡಿಸಿ.

2. ಪೂರ್ತಿ ಒಣಗಿಸಲು ಆಗದಿದ್ರೆ ನೀರು ಆದಷ್ಟು ಇಳಿಸಿ ಹಿಪ್ಪೆ ಹಿಂಡಿ ಬಳಸಿ. ಪ್ರಮಾಣ 1000 ಲೀಟರ್ ನೀರಿಗೆ 250 ಗ್ರಾಂ. ಉಳಿದಿರುವ ನೀರು 10 ಮೀಟರ್ ಉದ್ದ, 10 ಮೀಟರ್ ಅಗಲ, ಅರ್ಧ ಮೀಟರ್ ಆಳ ಇದ್ರೆ 50,000 ಲೀಟರ್ ಆಯ್ತು, ಅದಕ್ಕೆ 12.5 ಕೆಜಿ. ರಾತ್ರಿ ನೆನೆಸಿ, ನೀರಿನ ಮೇಲೆಲ್ಲ ಎರಚಿ. ಬೇಡದ ಮೀನು ತೇಲಿ ಬಂದಾಗ ಬಲೆಯಿಂದ ತೆಗೆಯಿರಿ. ಇದರ ವಿಷ ಇಳಿಯೋಕೆ ಎರಡು-ಮೂರು ವಾರ ಬೇಕು, ಆಮೇಲೆ ಅದೇ ಗೊಬ್ಬರ. ಅಲ್ಲಿವರೆಗೂ ಆ ನೀರನ್ನ ಕಾಲುವೆಗೆ ಬಿಡಬೇಡಿ, ದನ ಕುಡಿಸಬೇಡಿ.

3. ಮರಿ ಬಿಡುವ ಮೊದಲು ಏಳೆಂಟು ಮರಿಯನ್ನ ಸಣ್ಣ ಬಲೆಯ ಪಂಜರದಲ್ಲಿ ಒಂದು ದಿನ ಇಟ್ಟು ನೋಡಿ. ಚುರುಕಾಗಿದ್ರೆ ಮಾತ್ರ ಉಳಿದದ್ದನ್ನ ಬಿಡಿ.

4. ಒಳಬರುವ ಪೈಪಿಗೆ ಎರಡು ಪದರ ಕಟ್ಟಿ. ಹೊರಗೆ ಕಸ ತಡೆಯುವ ದೊಡ್ಡ ಕಣ್ಣಿನ ಜಾಲರಿ, ಒಳಗೆ ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನ ನೈಲಾನ್ ಚೀಲ. ಕೊರಮೀನಿನ ಮೊಟ್ಟೆ, ಎಳೆಮರಿ ಬಹಳ ಸಣ್ಣವು. ಚೀಲವನ್ನ ದಿನಾ ಝಾಡಿಸಿ, ಇಲ್ಲದಿದ್ರೆ ಕಟ್ಟಿಕೊಂಡು ಹರಿಯುತ್ತೆ. ಕೋಡಿಗೂ ಜಾಲರಿ ಮರೆಯಬೇಡಿ.

5. ಪಕ್ಕದಲ್ಲೇ ಗದ್ದೆ ಇದ್ರೆ ಬದುವಿನ ಮೇಲೆ ಎರಡು ಅಡಿ ಎತ್ತರದ ನೈಲಾನ್ ಬಲೆ ನಿಲ್ಲಿಸಿ, ಕೆಳ ಅಂಚನ್ನ ಮಣ್ಣಲ್ಲಿ ಹೂಳಿ. ಅದರಲ್ಲಿ ಹಾವು ಸಿಕ್ಕಿಕೊಳ್ಳೋದುಂಟು, ಬೆಳಿಗ್ಗೆ ನೋಡಿಕೊಂಡು ಕೈ ಹಾಕಿ.

6. ಎರಡು ಇಂಚಿನ ಮರಿ ಅಗ್ಗ ಅಂತ ತರಬೇಡಿ. ನಾಲ್ಕೈದು ಇಂಚಿನ ಮರಿ ಬಿಟ್ರೆ ಉಳಿಯೋದು ಹೆಚ್ಚು. ದಡದ ಜೊಂಡು, ಅಂತರಗಂಗೆ ತೆಗೆಯಿರಿ, ಹೊಂಚು ಹಾಕೋಕೆ ಜಾಗ ಸಿಗಬಾರದು.

7. ಸಂಶಯ ಬಂದ್ರೆ ಗಾಳ ಹಾಕಿ ಹಿಡಿಯಿರಿ. ಕೆರೆ, ಕಾಲುವೆಗೆ ಕೀಟನಾಶಕ, ಬ್ಲೀಚಿಂಗ್ ಪುಡಿ, ಮದ್ದುಗುಂಡು ಹಾಕೋ ಯೋಚನೆ ಬೇಡವೇ ಬೇಡ. ನೀರಿಗೆ ವಿಷ ಅಥವಾ ಸಿಡಿಮದ್ದು ಹಾಕಿ ಮೀನು ಕೊಲ್ಲೋದನ್ನ 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಅಂದಿದೆ. ಆ ನೀರನ್ನ ನಮ್ಮ ದನ, ನಮ್ಮ ಮಕ್ಕಳೇ ಬಳಸೋದು.

8. ಹಿಡಿದ ಮೀನಿನ ಮೈಮೇಲೆ ಕೆಂಪು ಹುಣ್ಣು, ಗಾಯ ಇದ್ರೆ ಅದನ್ನ ಬೇರೆ ಹೊಂಡಕ್ಕೆ ಒಯ್ಯಬೇಡಿ. 1988ರಲ್ಲಿ ನಮ್ಮ ದೇಶಕ್ಕೆ ಬಂದ ಹುಣ್ಣು ರೋಗ ಕೊರಮೀನಿಗೆ ಬಹಳ ಬೇಗ ತಗಲುತ್ತೆ, ಗೆಂಡೆ ಮೀನುಗಳಿಗೂ ಹಬ್ಬುತ್ತೆ. ಬಲೆ, ಬುಟ್ಟಿ ತೊಳೆದು ಬಿಸಿಲಿಗೆ ಹಾಕಿ. ಇಲಾಖೆಗೆ ತಿಳಿಸಿ.

ಇಷ್ಟು ಮಾಡಿದ ಮೇಲೆ ಹೋದ ಸಲ 600 ಮರಿಗೆ 430 ಮೀನು ಸಿಕ್ತು. ಕೊರಮೀನು ಒಂದೇ ಒಂದು ಇತ್ತು, ಕೋಡಿ ಜಾಲರಿ ಒಂದು ಕಡೆ ಸಡಿಲಾಗಿತ್ತು.

ಅದನ್ನೇ ಸಾಕಬಹುದಲ್ಲ?

ರೇಟು ಕೇಳಿದ ತಕ್ಷಣ ಎಲ್ಲರೂ ಕೇಳೋ ಪ್ರಶ್ನೆ ಇದು. ಸಾಕಬಹುದು, ಸಾಕ್ತಿದ್ದಾರೆ. ಆದರೆ ಕಾಟ್ಲಾ ಸಾಕಿದ ಹಾಗಲ್ಲ. ತೌಡು-ಹಿಂಡಿಗೆ ಬೆಳೆಯಲ್ಲ, ಮಾಂಸಾಂಶ ಹೆಚ್ಚಿರುವ ಮೇವು ಬೇಕು, ಅದರ ಖರ್ಚು ದೊಡ್ಡದು. ಮರಿಗಳನ್ನ ಸಣ್ಣದರಿಂದಲೇ ಗುಳಿಗೆ ಮೇವಿಗೆ ರೂಢಿ ಮಾಡಿರಬೇಕು. ಒಂದು ಬೆಳೆದು ಒಂದು ಉಳಿದ್ರೆ ದೊಡ್ಡದು ಸಣ್ಣದನ್ನ ತಿನ್ನುತ್ತೆ, ಅದಕ್ಕೆ ಆಗಾಗ ಗಾತ್ರ ನೋಡಿ ಬೇರ್ಪಡಿಸಬೇಕು. ಮಳೆ ಬಂದ ರಾತ್ರಿ ಹೊಂಡ ಬಿಟ್ಟು ಹೊರಡುತ್ತೆ, ಸುತ್ತ ಬಲೆ ಬೇಕೇ ಬೇಕು. ಮರಿಗಳನ್ನ ಮರಿ ಕೇಂದ್ರದಿಂದಲೇ ತನ್ನಿ. ಕಾಲುವೆಯ ಕೆಂಪು ಗುಂಪನ್ನ ಸೀರೆಯಲ್ಲಿ ಬಳಿದು ತಂದು ಹೊಂಡಕ್ಕೆ ಬಿಡೋರನ್ನ ನೋಡಿದ್ದೀನಿ. ಅವು ಹೊಂಡದಲ್ಲಿ ಒಂದನ್ನೊಂದು ತಿಂದು ಮುಗಿಸ್ತವೆ, ಕಾಲುವೆಯೂ ಖಾಲಿ.

ಹೊಂಡದಲ್ಲಿ ಜಿಲೇಬಿ ಮೀನು ಮಿತಿಮೀರಿ ಮರಿ ಹಾಕಿ ಯಾವುದೂ ಬೆಳೆಯದೆ ಹೋಗಿದ್ರೆ ಮಾತ್ರ ನಾಲ್ಕಾರು ಕೊರಮೀನು ಒಳ್ಳೆಯ ಕೆಲಸಗಾರರು, ಮರಿಗಳನ್ನ ತಿಂದು ಸಂಖ್ಯೆ ಇಳಿಸ್ತವೆ. ಅದನ್ನೂ ಇಲಾಖೆಯವರ ಹತ್ತಿರ ಕೇಳಿ ಮಾಡಿ.

ಈ ವರ್ಷ ಕಾಲುವೆ ನೀರು ಬಂದ ಮೇಲೆ ಅದೇ ಬಸಿಗಾಲುವೆಗೆ ದಿನಾ ಸಂಜೆ ಹೋಗ್ತಿದ್ದೀನಿ. ಹೋದ ವಾರ ಮತ್ತೆ ಕೆಂಪು ಕಾಣಿಸ್ತು, ಈ ಸಲ ತಟ್ಟೆಯಷ್ಟೇ ಅಗಲ. ಪಕ್ಕದ ಗದ್ದೆಯ ಹುಡುಗ ಗಾಳ ತಂದಿದ್ದ. ಅವನಿಗೆ ಈ ಕತೆ ಪೂರ್ತಿ ಹೇಳಿದೆ. ಗಾಳ ಸುತ್ತಿ ಜೇಬಿಗೆ ಹಾಕ್ಕೊಂಡು ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡ. ನಿಮ್ಮ ಗದ್ದೆಯಲ್ಲೂ ಕೆಂಪು ಗುಂಪು ಕಂಡ್ರೆ ವಿಡಿಯೋ ಮಾಡಿ, ಆದರೆ ಜಾಗ ಎಲ್ಲಿ ಅಂತ ಯಾವ ಗ್ರೂಪಿಗೂ ಹಾಕಬೇಡಿ. ಒಂದು ತಿಂಗಳು ತಡೆದ್ರೆ ಸಾಕು, ಮರಿಗಳು ಅವುಗಳ ಪಾಡಿಗೆ ಚದುರಿ ಹೋಗ್ತವೆ. ಹಾಗೇ ಮನೆಗೆ ಬಂದ ಮೇಲೆ ಹೊಂಡದ ಪೈಪಿನ ಚೀಲ ಒಂದು ಸಲ ನೋಡಿ, ಹರಿದಿದ್ರೆ ಈ ಮಳೆಗೆ ಮೊದಲೇ ಬದಲಾಯಿಸಿ.